ಕೂಲಿಮಕ್ಕಳ ಪಕ್ಷವಾಗಿ ನಿಂತ ಫ್ಲಾರೆನ್ಸ್ ಕೆಲ್ಲಿಯಮ್ಮನವರು

ಅಮೆರಿಕದ ಸಂಯುಕ್ತ ಸಂಸ್ಥಾನಗಳು ಒಂದೇ ದೇಶವೆನಿಸಿದರೂ, ಅದರೊಳಗಿನ ಪ್ರತಿಯೊಂದು ಸಂಸ್ಥಾನಕ್ಕೂ ತನ್ನದೇ ಆದ ಶಾಸನಸಭೆಯೂ ಗವರ್ನರನೂ ನ್ಯಾಯಸ್ಥಾನವೂ ಉಂಟು. ಮಗುವು ಯಾವ ವಯಸ್ಸಿನಲ್ಲಿ ಕೂಲಿಗೆ ಹೋಗಬಹುದು, ರಾತ್ರಿಯಲ್ಲಿ ಎಷ್ಟು ಹೊತ್ತಿನ ವರೆಗೆ ದುಡಿಯಬಹುದು ಎಂಬುದನ್ನು ನಾವು ಹೇಳಲಿರುವ ಕಾಲದಲ್ಲಿ ಆಯಾ ಸಂಸ್ಥಾನವೇ ನಿಶ್ಚಯಿಸುತ್ತಿತ್ತು. ಹಲವು ಸಂಸ್ಥಾನಗಳು ಏನನ್ನೂ ನಿಶ್ಚಯಿಸದೆ ಸುಮ್ಮನಿದ್ದವು. ಆದಕಾರಣ ಮಕ್ಕಳ ಪಕ್ಷವಾಗಿ ಮಾತಾಡಬೇಕೆಂದಿದ್ದವರು ಒಂದು ಬಾಗಿಲನ್ನಲ್ಲ, ನಾಲ್ವತ್ತಕ್ಕಿಂತ ಹೆಚ್ಚು ಬಾಗಿಲುಗಳನ್ನು ತಟ್ಟಬೇಕಾಗಿತ್ತು. ಹಾಗೆ ತಟ್ಟಿದವರಲ್ಲಿ ಒಬ್ಬರ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಫ್ಲಾರೆನ್ಸ್ ಕೆಲ್ಲಿಯಮ್ಮನವರು 1859ನೆಯ ಸಪ್ಟೆಂಬರ್ 12ರಂದು ಫಿಲಡೆಲ್ಫಿಯ ಪಟ್ಟಣದಲ್ಲಿ ಹುಟ್ಟಿದರು. ತಂದೆಯಾದ ವಿಲಿಯಂ ಕೆಲ್ಲಿಯವರು ಗುಲಾಮತನದ ವಿರೋಧಿಗಳು. ಬಹುಕಾಲ ದೇಶದ ಮಹಾಸಭೆಯಾದ ಕಾಂಗ್ರೆಸ್ಸಿನಲ್ಲಿ ಸದಸ್ಯರಾಗಿದ್ದವರು. ಆ ಮನೆಯಲ್ಲಿ ಹುಟ್ಟಿದ ಎಂಟು ಮಕ್ಕಳಲ್ಲಿ ಫ್ಲಾರೆನ್ಸಳ ಐದು ಮಂದಿ ಸಹೋದರಿಯರೂ ಎಳೆಯ ಪ್ರಾಯದಲ್ಲಿಯೇ ತೀರಿಹೋದರು. ಐದು ಸಾರಿ ಸಮಾಧಿಗೆ ನಡೆದ ತಾಯಿಯ ದುಃಖವನ್ನು ನೋಡುತ್ತ ಬೆಳೆದ ಹುಡುಗಿಯು ಮುಂದೆ ಶಿಶುಮರಣದ ವಿಷಯವಾಗಿ ಶಾಸನಕರ್ತರ ಮುಂದೆ ನಿಂತು ಅಷ್ಟು ಖಾರವಾಗಿ ವಾದಿಸಿದ್ದರಲ್ಲಿ ನಮಗೆ ಆಶ್ಚರ್ಯ ತೋರುವದಿಲ್ಲ.

ತಾಯಿಯ ಮನೆತನದಲ್ಲಿ ಸಾರಾ ಪ್ಯೂ ಎಂಬ ವೃದ್ಧೆಯಿದ್ದರು. ಇವರು ಕ್ವೇಕರ್ ಸಭೆಯವರು. ಇವರು ಸಕ್ಕರೆ ಮುಟ್ಟುತ್ತಿರಲಿಲ್ಲ, ಹತ್ತಿಯ ಬಟ್ಟೆ ಉಡುತ್ತಿರಲಿಲ್ಲ. ಯಾಕಂದರೆ ಅವೆರಡೂ ಗುಲಾಮರ ದುಡಿಮೆಯಿಂದ ಬಂದವುಗಳು. ಕೊಳ್ಳುವವನಿಗೂ ಪಾಪದಲ್ಲಿ ಪಾಲುಂಟೆಂಬ ಈ ವಿಚಾರವು ಆ ಮಗುವಿನ ಮನಸ್ಸಿನಲ್ಲಿ ಬೇರೂರಿ, ಮೂವತ್ತು ವರುಷಗಳ ತರುವಾಯ ಫಲಕೊಟ್ಟದ್ದನ್ನು ಮುಂದೆ ಕಾಣುವೆವು. ತಂದೆಯು ಮಗಳಿಗೆ ಓದು ಕಲಿಸಿದ ಪುಸ್ತಕವೂ ವಿಚಿತ್ರವಾದದ್ದು: ಇಂಗ್ಲೆಂಡಿನ ಇಟ್ಟಿಗೆಗೂಡುಗಳಲ್ಲಿ ಹಸಿಮಣ್ಣಿನ ಹೊರೆಯನ್ನು ತಲೆಯ ಮೇಲೆ ಹೊತ್ತು ನಡೆಯುವ ಎಳೆಯರ ಚಿತ್ರಗಳು ಅದರಲ್ಲಿದ್ದವು. ಏಳು ವರುಷದ ಮಗುವಿಗೆ ಇಂಥದ್ದು ತಕ್ಕದ್ದಲ್ಲವೆಂದು ಮನೆಯ ಹೆಂಗಸರು ಅಸಮಾಧಾನಪಟ್ಟರು. ತಂದೆ ಕೇಳಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವರು ಆಕೆಯನ್ನು ನಡುರಾತ್ರಿಯಲ್ಲಿ ಉಕ್ಕಿನ ಕಾರ್ಖಾನೆಗೂ ಬಳಿಕ ಗಾಜಿನ ಕಾರ್ಖಾನೆಗೂ ಕರೆದುಕೊಂಡು ಹೋದರು. ದೊಡ್ಡವರೆಲ್ಲರೂ ಹೊಳೆಯುವ ಉಕ್ಕನ್ನು ನೋಡಿ ಬೆರಗಾಗುತ್ತಿರಲು, ಆಕೆಯು ಕೆಲಸದವರಿಗೆ ಕುಡಿಯುವ ನೀರಿನ ಭಾರವಾದ ಬಕೆಟ್ಟುಗಳನ್ನು ಹೊತ್ತು ಓಡಾಡುತ್ತಿದ್ದ ತನಗಿಂತ ಚಿಕ್ಕ ಹುಡುಗರನ್ನು ನೋಡಿದಳು. ಗಾಜು ಊದುವವರ ಕಾಲಬಳಿಯಲ್ಲಿ, ಕುಲುಮೆಯ ಕಾವಿಗೆ ತಲೆಯೊಡ್ಡಿ ಕುಳಿತವರನ್ನೂ ನೋಡಿದಳು. ಮಾಲಿಗಿರುವ ಬೆಲೆ ಮಗುವಿಗಿಲ್ಲವೆಂಬುದು ಅಂದು ಆಕೆಗೆ ತಿಳಿಯಿತು.

ಕಾರ್ನೆಲ್ ವಿದ್ಯಾಲಯದಲ್ಲಿ ಓದಿ, ಕಾನೂನಿನಲ್ಲಿ ಮಗುವಿನ ಸ್ಥಾನವೇನೆಂಬ ವಿಷಯವಾಗಿಯೇ ಪ್ರಬಂಧ ಬರೆದು, ಆಕೆ 1882ರಲ್ಲಿ ಪದವಿ ಹೊಂದಿದರು. ಹೆಚ್ಚಿನ ಓದಿಗೆ ಸ್ವಂತ ಊರಿನ ವಿದ್ಯಾಲಯವು ಹೆಂಗಸೆಂಬ ಕಾರಣದಿಂದ ಬಾಗಿಲು ಮುಚ್ಚಿತು. ಆಗ ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರಕ್ಕೆ ಹೋದರು; ಅಲ್ಲಿ ಸಮಾಜವಾದಿಗಳ ಬಳಗ ಸೇರಿ, ಎಂಗೆಲ್ಸ್ ಎಂಬಾತನು ಇಂಗ್ಲೆಂಡಿನ ಕೂಲಿಗಾರರ ವಿಷಯ ಬರೆದ ಗ್ರಂಥವನ್ನು ಇಂಗ್ಲಿಷಿಗೆ ತಿರುಗಿಸಿದರು. 1884ರಲ್ಲಿ ಒಬ್ಬ ವೈದ್ಯನನ್ನು ಮದುವೆಯಾದರು. ಮೂವರು ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು, ಗಂಡನು ಕೈಯೆತ್ತತೊಡಗಿದನು. 1891ರ ಕೊನೆಯ ದಿವಸಗಳಲ್ಲಿ, ಹಿಮ ಬೀಳುತ್ತಿದ್ದ ಒಂದು ಮುಂಜಾನೆ, ಆಕೆ ಶಿಕಾಗೊ ನಗರದಲ್ಲಿ ಜೇನ್ ಆಡಮ್ಸ್ ಅಮ್ಮನವರು ಬಡವರ ಕೇರಿಯಲ್ಲಿ ನಡಿಸುತ್ತಿದ್ದ ಹಲ್‌ಹೌಸ್ ಎಂಬ ಸೇವಾಗೃಹದ ಬಾಗಿಲಲ್ಲಿ ನಿಂತರು. ಮಕ್ಕಳು ತಾಯಿಯ ವಶದಲ್ಲಿಯೇ ಇರತಕ್ಕದ್ದೆಂದು ಅಲ್ಲಿನ ನ್ಯಾಯಸ್ಥಾನವು ತೀರ್ಪಿತ್ತಿತು. ತಾನೇ ಆಶ್ರಯವಿಲ್ಲದೆ ಮಕ್ಕಳೊಂದಿಗೆ ಅಲೆದವರಾದ್ದರಿಂದ, ಕುಟುಂಬದ ಕಷ್ಟವನ್ನು ಕುರಿತು ಆಕೆ ಹೇಳಿದ್ದು ಪುಸ್ತಕದ ಮಾತಾಗಿರಲಿಲ್ಲ.

ಆ ಕೇರಿಯಲ್ಲಿ ಮನೆಮನೆಯೂ ಒಂದು ಹೊಲಿಗೆಯ ಅಂಗಡಿ. ಮಲಗುವ ಕೋಣೆಯಲ್ಲಿಯೇ ದೊಡ್ಡ ವ್ಯಾಪಾರಿಗಳ ಕೋಟುಗಳು ಸಿದ್ಧವಾಗುತ್ತಿದ್ದವು. ಬಹು ಚಿಕ್ಕ ಮಕ್ಕಳೂ ಕುಳಿತು ನೂಲು ಬಿಡಿಸುತ್ತಿದ್ದರು. 1892ರಲ್ಲಿ ಇಲಿನಾಯ್ ಸಂಸ್ಥಾನದ ಕಾರ್ಮಿಕ ಇಲಾಖೆಯವರು ಈ ಸ್ಥಿತಿಯನ್ನು ವಿಚಾರಿಸಲು ಕೆಲ್ಲಿಯಮ್ಮನವರನ್ನು ನೇಮಿಸಿದರು. ಆಕೆ ಮೆಟ್ಟಲು ಹತ್ತಿ ಇಳಿದು, ಎಣಿಸಿ, ಬರೆದು, ಶಾಸನಸಭೆಯ ಸಮಿತಿಯವರಿಗೆ ಆ ಕೋಣೆಗಳನ್ನು ಕಣ್ಣಾರೆ ತೋರಿಸಿದರು. ಇದರ ಫಲವಾಗಿ 1893ರಲ್ಲಿ ಒಂದು ಕಾಯಿದೆ ಹುಟ್ಟಿತು. 14 ವರುಷದೊಳಗಿನವರನ್ನು ಕಾರ್ಖಾನೆಯಲ್ಲಿ ಇಟ್ಟುಕೊಳ್ಳಬಾರದು; 14ರಿಂದ 16ರ ವರೆಗಿನವರ ವಯಸ್ಸಿಗೆ ಪ್ರಮಾಣಪತ್ರ ಬೇಕು; ಹೆಂಗಸರು ದಿನಕ್ಕೆ 8 ತಾಸಿಗಿಂತ ಹೆಚ್ಚು ದುಡಿಯಬಾರದು. ಗವರ್ನರ್ ಆಲ್ಟ್‌ಗೆಲ್ಡ್‌ರವರು ಕೆಲ್ಲಿಯಮ್ಮನವರನ್ನೇ ಮುಖ್ಯ ತನಿಖಾಧಿಕಾರಿಯಾಗಿ ನೇಮಿಸಿ, ಕೈಕೆಳಗೆ ಸಹಾಯಕರನ್ನು ಕೊಟ್ಟರು.

ಕಾಯಿದೆ ಮಾಡುವದು ಒಂದು, ನಡಿಸುವದು ಇನ್ನೊಂದು. ತಂದೆತಾಯಿಗಳೇ ಮಗುವಿನ ವಯಸ್ಸನ್ನು ಹೆಚ್ಚಿಸಿ ಸುಳ್ಳು ಪ್ರಮಾಣ ಮಾಡುತ್ತಿದ್ದರು. (ಹೊಟ್ಟೆಯ ಕಷ್ಟ ಅರಿತ ನಮ್ಮ ವಾಚಕರು ಅವರನ್ನು ಬಹಳವಾಗಿ ನಿಂದಿಸಲಾರರು.) 1894ರಲ್ಲಿ ಸಿಡುಬು ಹಬ್ಬಿದಾಗ, ರೋಗಿಗಳು ಮಲಗಿದ್ದ ಕೋಣೆಗಳಲ್ಲಿಯೇ ಬಟ್ಟೆ ಹೊಲಿಯುತ್ತಿದ್ದುದನ್ನು ಆಕೆ ಕಂಡುಹಿಡಿದು ಬಹಿರಂಗಪಡಿಸಿದರು, ನಗರದ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಮತ್ತೊಂದು ಸಂಗತಿ. ಅಗ್ಗದ ಚಿತ್ರಗಳ ಚೌಕಟ್ಟಿಗೆ ಚಿನ್ನದ ಬಣ್ಣ ಬಳಿಯುತ್ತಿದ್ದ 11 ವರುಷದ ಬಾಲಕನೊಬ್ಬನಿಗೆ ಬಣ್ಣದ ವಿಷವೇರಿ ಬಲಗೈ ನಿಷ್ಪ್ರಯೋಜಕವಾಯಿತು. ಆಕೆ ಸಾಕ್ಷ್ಯ ಕೂಡಿಸಿ ಸರಕಾರಿ ವಕೀಲನ ಬಳಿಗೆ ಹೋದರೆ, ಅವನು ಇಂಥ ಚಿಲ್ಲರೆ ವ್ಯಾಜ್ಯಕ್ಕೆ ತನಗೆ ಹೊತ್ತಿಲ್ಲವೆಂಬಂತೆ ಕಳುಹಿಸಿಬಿಟ್ಟನು. ಕೆಲ್ಲಿಯಮ್ಮನವರು ಗೊಣಗುತ್ತ ಕೂತುಕೊಳ್ಳಲಿಲ್ಲ. ಮರುದಿನವೇ ಕಾನೂನು ಶಾಲೆಗೆ ಹೆಸರು ಕೊಟ್ಟು, ಸಾಯಂಕಾಲಗಳಲ್ಲಿ ಓದಿ, ಪದವಿ ಪಡೆದು, ತಮ್ಮ ಮೊಕದ್ದಮೆಗಳನ್ನು ತಾವೇ ನಡಿಸಲು ಸಿದ್ಧರಾದರು.

ಆದರೆ 1895ರಲ್ಲಿ ಆ ಸಂಸ್ಥಾನದ ಮೇಲಣ ನ್ಯಾಯಸ್ಥಾನವು, ಹೆಂಗಸು ತನಗಿಷ್ಟವಾದಷ್ಟು ತಾಸು ದುಡಿಯುವ ಹಕ್ಕಿಗೆ ಭಂಗ ಬರುವದೆಂದು ಹೇಳಿ, 8 ತಾಸಿನ ನಿಯಮವನ್ನು ರದ್ದುಮಾಡಿತು. ಮಕ್ಕಳ ವಯಸ್ಸಿನ ನಿಯಮ ಮಾತ್ರ ಉಳಿಯಿತು. ಮರುವರುಷ ಆಲ್ಟ್‌ಗೆಲ್ಡ್‌ರು ಚುನಾವಣೆಯಲ್ಲಿ ಸೋತರು. 1897ರಲ್ಲಿ ಹೊಸ ಗವರ್ನರನು ಕೆಲ್ಲಿಯಮ್ಮನವರನ್ನು ತೆಗೆದುಹಾಕಿ, ಆಲ್ಟನ್ ಎಂಬ ಊರಿನ ಗಾಜಿನ ಕಂಪನಿಯ ಸಂಬಳದಲ್ಲಿ ಬಹು ವರುಷ ಇದ್ದವನನ್ನು ಆ ಸ್ಥಾನದಲ್ಲಿ ಕೂರಿಸಿದನು. ಆಕೆ ಹೋರಾಡಿದ್ದು ಆ ಕಂಪನಿಯ ಹುಡುಗರ ವಿಷಯವಾಗಿಯೇ! ತೋಳನನ್ನು ಕುರಿ ಕಾಯಲಿಟ್ಟಂತಾಯಿತು. ಕೆಲ್ಲಿಯಮ್ಮನವರು ಮಕ್ಕಳನ್ನು ಸಾಕುವದಕ್ಕಾಗಿ ಸಾಯಂಕಾಲಗಳಲ್ಲಿ ಒಂದು ಪುಸ್ತಕಾಲಯದಲ್ಲಿ ಕೆಲಸ ಮಾಡಬೇಕಾಯಿತು.

1899ರಲ್ಲಿ ನ್ಯೂಯಾರ್ಕಿಗೆ ಹೋಗಿ ರಾಷ್ಟ್ರೀಯ ಗ್ರಾಹಕರ ಸಂಘದ ಕಾರ್ಯದರ್ಶಿಯಾದರು. ಸಾಯುವ ತನಕ ಅದೇ ಹುದ್ದೆ. ಮಕ್ಕಳನ್ನು ದುಡಿಸದ, ಕಾನೂನಿಗೆ ವಿಧೇಯವಾದ ಕಾರ್ಖಾನೆಯ ಬಟ್ಟೆಗಳಿಗೆ ಸಂಘವು ಒಂದು ಬಿಳಿಯ ಚೀಟಿ ಅಂಟಿಸುತ್ತಿತ್ತು. ಆ ಚೀಟಿಯಿರುವದನ್ನೇ ಕೊಳ್ಳಬೇಕೆಂದು ಗೃಹಿಣಿಯರನ್ನು ಬೇಡಿಕೊಂಡಿತು. ಸಾರಾ ಪ್ಯೂ ಅಮ್ಮನವರ ಸಕ್ಕರೆಯಿಲ್ಲದ ಬಟ್ಟಲು ನಮ್ಮ ನೆನಪಿಗೆ ಬರುತ್ತದೆ. ಇದರೊಂದಿಗೆ ಸಂಸ್ಥಾನದಿಂದ ಸಂಸ್ಥಾನಕ್ಕೆ ರೈಲಿನಲ್ಲಿ ತಿರುಗುತ್ತ, ಶಾಸನಸಭೆಗಳ ಮುಂದೆ ನಿಂತು, ಮಕ್ಕಳ ವಯಸ್ಸು, ರಾತ್ರಿಯ ಕೆಲಸ, ಕಡ್ಡಾಯ ಶಾಲೆ ಇವುಗಳಿಗಾಗಿ ವಾದಿಸಿದರು. ಮಗುವಿನ ಕೂಲಿ ನಿಂತರೆ ವಿಧವೆಯಾದ ತಾಯಿ ಏನು ತಿನ್ನಬೇಕೆಂದು ಕಾರ್ಖಾನೆಯ ಯಜಮಾನರು ಕೇಳುವದು ವಾಡಿಕೆ. ತಂದೆಯಿಲ್ಲದ ಮಗುವಿನ ಭಾರವು ಸಮಾಜದ ಮೇಲಿದೆಯೇ ಹೊರತು ಮಗುವಿನ ಬೆನ್ನಿನ ಮೇಲಲ್ಲವೆಂಬುದು ಆಕೆಯ ಉತ್ತರವಾಗಿತ್ತು. 1911ರಲ್ಲಿ ಇಲಿನಾಯ್ ಸಂಸ್ಥಾನವೇ ಅಂಥ ತಾಯಂದಿರಿಗೆ ಸರಕಾರಿ ಹಣ ಕೊಡುವ ಕಾಯಿದೆ ಮಾಡಿತು.

1905ರಲ್ಲಿ ಆಕೆಯ ಒಬ್ಬಳೇ ಮಗಳು ಮಾರ್ಗರೆಟ್, ಕಾಲೇಜು ಸೇರಿದ ಕೆಲವೇ ದಿವಸಗಳಲ್ಲಿ ಹಠಾತ್ತಾಗಿ ತೀರಿಕೊಂಡಳು. ತಾಯಿ ಪಟ್ಟ ದುಃಖವನ್ನು ವರ್ಣಿಸಲಾರೆವು. ಕೆಲಸವನ್ನು ಮಾತ್ರ ಬಿಡಲಿಲ್ಲ.

ಸರಕಾರವು ಬೆಳೆಯ ಹುಳುಗಳ ವಿಷಯವಾಗಿ ಲೆಕ್ಕವಿಡುವದಾದರೆ ಮಕ್ಕಳ ವಿಷಯವಾಗಿ ಯಾಕೆ ಇಡಬಾರದೆಂದು ಆಕೆಯೂ ಗೆಳತಿಯಾದ ಲಿಲ್ಲಿಯನ್ ವಾಲ್ಡ್ ಅಮ್ಮನವರೂ ಬಹುದಿನ ಒತ್ತಾಯಿಸಿದ ಮೇಲೆ, 1912ರಲ್ಲಿ ದೇಶದ ಸರಕಾರವು ಮಕ್ಕಳ ಇಲಾಖೆಯನ್ನು ಸ್ಥಾಪಿಸಿತು. ತಂದೆಯ ಸಂಬಳ ಕಡಿಮೆಯಾದಷ್ಟೂ ಕೂಸುಗಳ ಮರಣ ಹೆಚ್ಚೆಂದು ಆ ಇಲಾಖೆ ಊರೂರು ವಿಚಾರಿಸಿ ತೋರಿಸಿತು. 1921ರಲ್ಲಿ ಬಾಣಂತಿಯರ ಮತ್ತು ಶಿಶುಗಳ ಆರೈಕೆಗೆ ಸಂಸ್ಥಾನಗಳಿಗೆ ಧನಸಹಾಯ ಕೊಡುವ ಕಾಯಿದೆ ಬಂತು. 1929ರಲ್ಲಿ ಅದನ್ನು ನಿಲ್ಲಗೊಟ್ಟರು. ಮಕ್ಕಳ ದುಡಿಮೆಯನ್ನು ದೇಶಕ್ಕೆಲ್ಲಾ ತಡೆಯಲು 1916ರಲ್ಲಿ ಮಾಡಿದ ಕಾಯಿದೆಯನ್ನು 1918ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. 1924ರಲ್ಲಿ ರಾಜ್ಯಾಂಗವನ್ನೇ ತಿದ್ದಲು ಕಾಂಗ್ರೆಸ್ಸು ಒಪ್ಪಿದರೂ, ಬೇಕಾದಷ್ಟು ಸಂಸ್ಥಾನಗಳು ಸಮ್ಮತಿಸಲಿಲ್ಲ. ಹೀಗೆ ಕಟ್ಟಿದ್ದು ಬೀಳುತ್ತಲೂ ಬಿದ್ದದ್ದನ್ನು ಕಟ್ಟುತ್ತಲೂ ಆಕೆ ಮುದುಕಿಯಾದರು. ಕಡೆಯ ವರುಷಗಳಲ್ಲಿ ಬಾಲ್ಯದ ಪರಿಚಯದ ಕ್ವೇಕರ್ ಸಭೆಗೆ ಸೇರಿದರು. 1932ನೆಯ ಫೆಬ್ರವರಿ 17ರಂದು ಫಿಲಡೆಲ್ಫಿಯದಲ್ಲಿಯೇ ತೀರಿಕೊಂಡರು.

ಆರು ವರುಷಗಳಾದ ಮೇಲೆ, 1938ರಲ್ಲಿ, ಸಾಮಾನ್ಯವಾಗಿ 16 ವರುಷದೊಳಗಿನವರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ಕಾಯಿದೆಯನ್ನು ಕಾಂಗ್ರೆಸ್ಸು ದೇಶಕ್ಕೆಲ್ಲಾ ಮಾಡಿತು. ಇದನ್ನೂ ಸುಪ್ರೀಂ ಕೋರ್ಟಿಗೆ ಒಯ್ದರು. 1941ರಲ್ಲಿ ಆ ನ್ಯಾಯಸ್ಥಾನವು 1918ರ ತನ್ನ ತೀರ್ಪನ್ನು ತಾನೇ ರದ್ದುಮಾಡಿ, ಹೊಸ ಕಾಯಿದೆಯನ್ನು ಎತ್ತಿಹಿಡಿಯಿತು.