ಮನೆ ಮಾರಿ ಅಚ್ಚಿನ ಯಂತ್ರ ತಂದವರು

ನಾನು ಬಬಲೇಶ್ವರದವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ವಿಜಯಪುರದಲ್ಲಿ ಬಿ.ಇ. ಮಾಡುತ್ತಿದ್ದೇನೆ. ಮೊದಲ ವರ್ಷ ನಮ್ಮ ಬಹುತೇಕ ಪಾಠಗಳು ಪ್ರೊಜೆಕ್ಟರ್ ಮೇಲೇ ನಡೆದವು. ಒಂದು ತಾಸಿಗೆ ನಲವತ್ತು ಸ್ಲೈಡ್. ಬರೆದುಕೊಳ್ಳಲು ಸಮಯ ಸಾಲದೆ ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳುತ್ತಿದ್ದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೊಬೈಲ್ ತುಂಬಾ ಫೋಟೊ ಇದ್ದವು, ತಲೆಯಲ್ಲಿ ಏನೂ ಉಳಿದಿರಲಿಲ್ಲ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಫೇಲಾದೆ. ಅದನ್ನು ಅಪ್ಪನಿಗೆ ಹೇಳಲು ಎರಡು ವಾರ ಬೇಕಾಯಿತು.

ಆ ರಜೆಯಲ್ಲಿ ಗ್ರಂಥಾಲಯದಿಂದ ತಂದ ಒಂದು ಪುಸ್ತಕ ನನ್ನನ್ನು ಹಿಡಿದು ಕೂರಿಸಿತು. ಅದು ಫ.ಗು. ಹಳಕಟ್ಟಿ ಅವರ ಜೀವನ ಚರಿತ್ರೆ. ವಿಜಯಪುರದಲ್ಲಿ ಓದುವವರಿಗೆ ಈ ಹೆಸರು ಹೊಸದಲ್ಲ. ಎಂಜಿನಿಯರಿಂಗ್ ಕಾಲೇಜೊಂದಕ್ಕೆ, ಸಂಶೋಧನಾ ಕೇಂದ್ರಕ್ಕೆ ಅವರ ಹೆಸರಿದೆ. ಜುಲೈ 2ರಂದು ಅವರ ಫೋಟೊಕ್ಕೆ ಹಾರ ಹಾಕುತ್ತೇವೆ, ವಚನ ಪಿತಾಮಹ ಎನ್ನುತ್ತೇವೆ. ಆದರೆ ಅವರು ತಮ್ಮ ಕಾಲದ ಹೊಸ ತಂತ್ರಜ್ಞಾನವನ್ನು ಕಲಿಕೆಗೆ ದುಡಿಸಿಕೊಂಡ ಮನುಷ್ಯ ಎಂಬುದು ನನಗೆ ಹೊಳೆದಿರಲಿಲ್ಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪ ಶಿಕ್ಷಕರಾಗಿದ್ದರು, ಬರಹಗಾರರೂ ಹೌದು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದ ಮಗ ಹೆಚ್ಚಿನ ಓದಿಗೆ ಮುಂಬೈಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜು ಸೇರಿದರು. ಆಲೂರು ವೆಂಕಟರಾಯರ ಸ್ನೇಹ ಅಲ್ಲಿ ಸಿಕ್ಕಿತು. ಮರಾಠಿ, ಗುಜರಾತಿ ಮಾತನಾಡುವವರು ತಮ್ಮ ಭಾಷೆಯ ಬಗ್ಗೆ ಇಟ್ಟುಕೊಂಡಿದ್ದ ಅಭಿಮಾನವನ್ನು ಕಂಡು, ನಮ್ಮ ಕನ್ನಡಕ್ಕೆ ಯಾರಿದ್ದಾರೆ ಎಂಬ ಚಿಂತೆ ಅವರಲ್ಲಿ ಮೂಡಿತು. ಕಾನೂನು ಪದವಿ ಪಡೆದು ಬೆಳಗಾವಿಯಲ್ಲಿ ಸ್ವಲ್ಪ ದಿನ ವಕೀಲಿ ಮಾಡಿ, 1904ರಲ್ಲಿ ಆಗಿನ ಬಿಜಾಪುರಕ್ಕೆ ಬಂದರು. ಮುಂದಿನ ಅರವತ್ತು ವರ್ಷ ಇದೇ ಅವರ ಊರಾಯಿತು.

ವಕೀಲಿ ಚೆನ್ನಾಗಿಯೇ ನಡೆಯುತ್ತಿತ್ತು. ಸರ್ಕಾರಿ ವಕೀಲರೂ ಆದರು. ಆ ದುಡಿಮೆಯಲ್ಲಿ ದೊಡ್ಡ ಮನೆ, ಹೊಲ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಆದರೆ ರಬಕವಿಯ ಒಂದು ಮನೆಯಲ್ಲಿ ನೋಡಿದ ತಾಡೋಲೆಯ ಕಟ್ಟುಗಳು ಅವರ ದಾರಿ ಬದಲಿಸಿದವು. ಅವುಗಳಲ್ಲಿ ಹನ್ನೆರಡನೆಯ ಶತಮಾನದ ಶರಣರ ವಚನಗಳಿದ್ದವು. ಅನೇಕ ಮನೆಗಳಲ್ಲಿ ಇಂಥ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರು ವಿರಳ. ಹುಳ ತಿಂದು ಹೋದವೂ ಇದ್ದವು. ಹಳಕಟ್ಟಿಯವರು ಊರೂರು ಅಲೆದು, ಬೇಡಿ ಕಾಡಿ ನೂರಾರು ಕಟ್ಟುಗಳನ್ನು ಸಂಗ್ರಹಿಸಿದರು.

ಸಂಗ್ರಹಿಸಿದರೆ ಮುಗಿಯಲಿಲ್ಲ. ತಾಡೋಲೆಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಪೂರ್ಣವಿರಾಮವಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಅಂಕಿತ ನೋಡಿ ಗುರುತಿಸಬೇಕು. ಒಂದೇ ವಚನ ಎರಡು ಪ್ರತಿಗಳಲ್ಲಿ ಎರಡು ಬಗೆಯಾಗಿದ್ದರೆ ಸರಿಯಾದದ್ದು ಯಾವುದೆಂದು ನಿರ್ಧರಿಸಬೇಕು. ಕೋರ್ಟಿನ ಕೆಲಸದ ಜೊತೆಗೇ ಈ ಕೆಲಸವೂ ವರ್ಷಗಟ್ಟಲೆ ನಡೆಯಿತು. ಅವರಿಗಿಂತ ಮುಂಚೆ ಹೆಸರು ಗೊತ್ತಿದ್ದ ವಚನಕಾರರು ಐವತ್ತರಷ್ಟು ಮಾತ್ರ. ಅವರ ಶ್ರಮದಿಂದ ಆ ಸಂಖ್ಯೆ 200 ದಾಟಿತು.

ಇನ್ನು ಅಚ್ಚು ಹಾಕಿಸುವುದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ ಬೆಳಗಾವಿಯ ಮುದ್ರಣಾಲಯವೊಂದರಲ್ಲಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. ಪ್ರತಿ ಪುಸ್ತಕಕ್ಕೂ ಹೀಗೆ ಪರಊರಿನ ಬಾಗಿಲು ಕಾಯುತ್ತ ಕೂತರೆ ಕೆಲಸ ಸಾಗದು ಎಂದು ಅವರಿಗೆ ಅರ್ಥವಾಯಿತು. ತಾವು ಕಟ್ಟಿಸಿದ ಮನೆಯನ್ನು ಮಾರಿದರು. 1925ರಲ್ಲಿ ವಿಜಯಪುರದಲ್ಲೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಮುಂದೆ ಬಾಡಿಗೆ ಮನೆಯಲ್ಲೇ ಬದುಕಿದರು.

ಆಗಿನ ಮುದ್ರಣ ಇಂದಿನಂತೆ ಒಂದು ಬಟನ್ ಒತ್ತಿದರೆ ಆಗುವಂಥದ್ದಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸಬೇಕು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಕನ್ನಡಕ್ಕೆ ಒತ್ತಕ್ಷರ, ಕಾಗುಣಿತದ ಮೊಳೆಗಳೇ ನೂರಾರು. ಕರಡು ತೆಗೆದು, ತಪ್ಪು ತಿದ್ದಿ, ಮತ್ತೆ ಜೋಡಿಸಿ ಅಚ್ಚಿಗೆ ಏರಿಸಬೇಕು. ಇಷ್ಟೆಲ್ಲ ಮಾಡಿ 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಆರಂಭಿಸಿದರು. ‘ಶಿವಾನುಭವ’ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ವಚನಗಳ ಜೊತೆಗೆ ಹರಿಹರನ ರಗಳೆಗಳೂ ಅಚ್ಚಾದವು. ದೇವರ ಜಗಲಿಯ ಮೇಲೆ ಕೂತಿದ್ದ ಮಾತುಗಳು ಓದುಗರ ಕೈಗೆ, ಅಲ್ಲಿಂದ ತರಗತಿಗೆ ಬಂದವು. ನಾವು ಶಾಲೆಯಲ್ಲಿ ವಚನ ಕಲಿತದ್ದರ ಹಿಂದೆ ಈ ಶ್ರಮವಿದೆ.

ಎಂಜಿನಿಯರಿಂಗ್ ಓದುವ ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ವರ್ಷಗಳ ಕ್ರಮ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಅವರ ಮುಂದಾಳತ್ವದಲ್ಲಿ ಹುಟ್ಟಿದ್ದು 1910ರಲ್ಲಿ. ಸಿದ್ಧೇಶ್ವರ ಬ್ಯಾಂಕು ಶುರುವಾದದ್ದು 1912ರಲ್ಲಿ. ಮುದ್ರಣಾಲಯ ಬಂದದ್ದು 1925ರಲ್ಲಿ. ಅಂದರೆ ಮೊದಲು ಶಾಲೆ, ಆಮೇಲೆ ಯಂತ್ರ. ಓದಲು ಬರುವವರೇ ಇಲ್ಲದಿದ್ದರೆ ಅಚ್ಚು ಹಾಕಿ ಏನು ಪ್ರಯೋಜನ? ಓದುಗರನ್ನು ಬೆಳೆಸುವ ಕೆಲಸ, ಪಠ್ಯ ತಿದ್ದುವ ಕೆಲಸ, ಇವೆರಡೂ ನಡೆದಿದ್ದರಿಂದಲೇ ಆ ಯಂತ್ರಕ್ಕೆ ಬೆಲೆ ಬಂತು.

1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಗೌರವಗಳು ಬಂದರೂ ಬಡತನ ಹೋಗಲಿಲ್ಲ. 1964ರ ಜೂನ್ 29ರಂದು ವಿಜಯಪುರದಲ್ಲೇ ಕೊನೆಯುಸಿರೆಳೆದರು. ಇನ್ನು ಮೂರು ದಿನ ಕಳೆದಿದ್ದರೆ 84 ತುಂಬುತ್ತಿತ್ತು.

ಇಂದು ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಸಾಕು, ಆ ಪದವಿರುವ ವಚನಗಳೆಲ್ಲ ಮೊಬೈಲ್‌ನಲ್ಲಿ ತೆರೆದುಕೊಳ್ಳುತ್ತವೆ. ಹಳಕಟ್ಟಿಯವರು ಕಣ್ಣು ಸವೆಸಿ ಮಾಡಿದ ಕೆಲಸದ ಮುಂದಿನ ಮೆಟ್ಟಿಲು ಇದು. ಆದರೆ ಅದೇ ಮೊಬೈಲ್‌ನಲ್ಲಿ ನಾನು ತೆಗೆದ ಸ್ಲೈಡ್ ಫೋಟೊಗಳೂ ಇದ್ದವು. ನಾನು ಮಾಡಿದ್ದೂ ತಾಡೋಲೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಂತೆಯೇ ಅಲ್ಲವೇ? ಇಟ್ಟುಕೊಂಡಿದ್ದೆ, ಓದಿರಲಿಲ್ಲ.

ತಿಕೋಟಾದಲ್ಲಿ ಮಾವನ ಮಗಳು ಒಂಬತ್ತನೇ ತರಗತಿ ಓದುತ್ತಾಳೆ. ಅವರ ಶಾಲೆಯಲ್ಲಿ ಗೋಡೆಗೆ ದೊಡ್ಡ ಟಿ.ವಿ. ಇದೆ. ವಿಜ್ಞಾನದ ಟೀಚರ್ ಹೃದಯದ ವಿಡಿಯೊ ಹಾಕಿ, ಅರ್ಧಕ್ಕೆ ನಿಲ್ಲಿಸಿ, ರಕ್ತ ಇನ್ನು ಎತ್ತ ಹೋಗುತ್ತದೆ ಎಂದು ಮಕ್ಕಳನ್ನು ಬೋರ್ಡಿಗೆ ಕರೆದು ಬರೆಸುತ್ತಾರಂತೆ. ಅವಳು ನನಗೆ ಪೆನ್ನು ಹಿಡಿದು ಹೃದಯದ ನಾಲ್ಕು ಕೋಣೆ ಬರೆದು ತೋರಿಸಿದಳು. ಪರದೆ ಅಲ್ಲೂ ಇದೆ, ನಮ್ಮಲ್ಲೂ ಇತ್ತು. ವ್ಯತ್ಯಾಸ ಇರುವುದು ನಿಲ್ಲಿಸಿ ಕೇಳುವ ಆ ಎರಡು ನಿಮಿಷದಲ್ಲಿ.

ಎರಡನೇ ಸಲ ಪರೀಕ್ಷೆಗೆ ಕೂರುವ ಮುಂಚೆ ನಾವು ಐದು ಮಂದಿ ಗೆಳೆಯರು ಒಂದು ನಿಯಮ ಮಾಡಿಕೊಂಡೆವು. ಪ್ರತಿಯೊಬ್ಬರೂ ದಿನಕ್ಕೊಂದು ವಿಷಯವನ್ನು ಕೈಯಲ್ಲಿ ಬರೆದು, ಕನ್ನಡದಲ್ಲಿ ಐದು ನಿಮಿಷ ವಿವರಿಸಿ, ಅದರ ಆಡಿಯೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ತಪ್ಪಿದ್ದರೆ ಉಳಿದವರು ತಿದ್ದಬೇಕು. ಟ್ರಾನ್ಸ್‌ಫಾರ್ಮರ್ ಬಗ್ಗೆ ನಾನು ಹೇಳಿದ್ದನ್ನು ಮೂರು ಸಲ ತಿದ್ದಿಸಿಕೊಂಡೆ. ಆ ವಿಷಯ ಪಾಸಾಯಿತು. ಈಗ ಜೂನಿಯರ್‌ಗಳೂ ಆ ಆಡಿಯೊ ಕೇಳುತ್ತಿದ್ದಾರೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಕಾಲೇಜು ಬಿಡುವ ಯೋಚನೆಯಲ್ಲಿದ್ದ, ಈಗ ಉಳಿದಿದ್ದಾನೆ.

ಗೆಳೆಯರೇ, ಹಳಕಟ್ಟಿಯವರಂತೆ ಮನೆ ಮಾರಲು ನಮಗೆ ಯಾರೂ ಹೇಳುತ್ತಿಲ್ಲ. ನಮ್ಮ ಮುದ್ರಣಾಲಯ ಆಗಲೇ ಜೇಬಿನಲ್ಲಿದೆ. ಇವತ್ತು ಅದರಲ್ಲಿರುವ ಒಂದು ಪಾಠವನ್ನು ತೆರೆದು, ಅರ್ಥ ಮಾಡಿಕೊಂಡು, ಅರ್ಥವಾಗದ ಇನ್ನೊಬ್ಬರಿಗೆ ಹೇಳಿಕೊಡೋಣ.