ಶ್ರೀಮತಿ ಫ್ಯಾನಿ ಬುಲಕ್ ವರ್ಕ್‌ಮನ್

ಎರಡು ವರುಷಗಳ ಕೆಳಗೆ ಶಹಾಪುರದ ಮಾರ್ಗದಲ್ಲಿರುವ ಹಳ್ಳಿಯೊಂದರ ಗೃಹಸ್ಥರು ಯಾದಗಿರಿಯ ನಮ್ಮ ಶಾಲೆಯ ಕಚೇರಿಗೆ ದಯಮಾಡಿಸಿದ್ದರು. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ದಿನಾಲು ಭೀಮಾನದಿಯ ಸೇತುವೆಯನ್ನು ದಾಟಿ ಬೈಸಿಕಲ್ಲಿನ ಮೇಲೆ ಬರುತ್ತಿದ್ದಳು. ಮಗಳು ದೊಡ್ಡವಳಾದಳು, ಇನ್ನು ಬೈಸಿಕಲ್ಲು ಬೇಡವೆಂಬುದು ಮನೆಯ ಹಿರಿಯರ ಅಭಿಪ್ರಾಯವೆಂದೂ, ಬೇರೆ ಅನುಕೂಲವಿಲ್ಲದ್ದರಿಂದ ಶಾಲೆಯನ್ನೇ ಬಿಡಿಸಬೇಕಾಗುವುದೆಂದೂ ಅವರು ಬಹು ಸಂಕೋಚದಿಂದ ತಿಳಿಸಿದರು. 2006-07ರಿಂದ ಕೆಲವು ವರುಷಗಳ ಕಾಲ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟಾಗ ಈ ಮಾತು ಸ್ವಲ್ಪ ಹಿಂದೆ ಸರಿದಿದ್ದಿತು. ಪೂರ್ತಿಯಾಗಿ ಹೋಗಿರಲಿಲ್ಲವೆಂಬುದು ಆ ದಿನ ನಮಗೆ ತಿಳಿಯಿತು.

ನಾವು ಅವರಿಗೆ, ನೂರು ವರುಷಗಳಿಗೂ ಮೊದಲು ನಮ್ಮ ದೇಶವನ್ನು ದಕ್ಷಿಣದಿಂದ ಹಿಮಾಲಯದ ವರೆಗೆ ಬೈಸಿಕಲ್ಲಿನ ಮೇಲೆ ಸಂಚರಿಸಿದ ಒಬ್ಬ ಅಮೇರಿಕದ ಗೃಹಿಣಿಯ ಸಂಗತಿಯನ್ನು ಹೇಳಿದೆವು. ಅವರು ಎಲ್ಲವನ್ನೂ ಸಾವಧಾನದಿಂದ ಕೇಳಿ, ಕೊನೆಗೆ ಒಂದೇ ಪ್ರಶ್ನೆಯನ್ನು ಹಾಕಿದರು. ಆ ತಾಯಿ ಹಾಗೆ ದೇಶ ಸುತ್ತುತ್ತಿದ್ದಾಗ ಆಕೆಯ ಮಕ್ಕಳನ್ನು ನೋಡಿಕೊಂಡವರು ಯಾರೆಂದು ಕೇಳಿದರು. ನಾವು ಆಗ ಕೊಟ್ಟದ್ದು ಅರ್ಧ ಉತ್ತರ. ಉಳಿದ ಅರ್ಧವನ್ನು ಇಲ್ಲಿ ಬರೆಯಲು ಯತ್ನಿಸುತ್ತೇವೆ.

ಫ್ಯಾನಿಯವರು 1859ನೆಯ ಇಸವಿ ಜನವರಿ 8ರಂದು ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಬುಲಕ್ ಅವರು 1866ರಿಂದ 1869ರ ವರೆಗೆ ಆ ಸಂಸ್ಥಾನದ ಗವರ್ನರರಾಗಿದ್ದವರು. ತಾಯಿಯ ತವರು ಬಂದೂಕಿನ ಮದ್ದಿನ ವ್ಯಾಪಾರದಿಂದ ಐಶ್ವರ್ಯವನ್ನು ಪಡೆದ ಮನೆತನ. ಮನೆಯಲ್ಲಿ ಉಪಾಧ್ಯಾಯಿನಿಯರಿಂದಲೂ, ಅನಂತರ ನ್ಯೂಯಾರ್ಕ್, ಪ್ಯಾರಿಸ್, ಡ್ರೆಸ್‌ಡೆನ್ ನಗರಗಳಲ್ಲಿಯೂ ಅವರಿಗೆ ಶಿಕ್ಷಣವಾಯಿತು. ಆ ಕಾಲದ ಸಿರಿವಂತ ಕನ್ಯೆಯರಿಗೆ ಸಭ್ಯ ನಡವಳಿಕೆಯನ್ನು ಕಲಿಸುತ್ತಿದ್ದ ಪಾಠಶಾಲೆಗಳವು. ಪರ್ವತವನ್ನೇರುವುದನ್ನು ಅಲ್ಲಿ ಯಾರೂ ಕಲಿಸುತ್ತಿರಲಿಲ್ಲ. 1882ರಲ್ಲಿ ತಮಗಿಂತ ಹನ್ನೆರಡು ವರುಷ ಹಿರಿಯರಾದ ವೈದ್ಯ ವಿಲಿಯಂ ಹಂಟರ್ ವರ್ಕ್‌ಮನ್ ಅವರನ್ನು ವರಿಸಿದರು. ಬೆಟ್ಟ ಹತ್ತುವ ಹವ್ಯಾಸವನ್ನು ಹಚ್ಚಿದವರು ಪತಿಯೇ. 1884ರಲ್ಲಿ ರೇಚಲ್ ಎಂಬ ಮಗಳು ಹುಟ್ಟಿದಳು. ಕೆಲ ವರುಷಗಳ ತರುವಾಯ ಡಾಕ್ಟರರು ದೇಹಸ್ಥಿತಿಯ ಕಾರಣದಿಂದ ವೃತ್ತಿಯನ್ನು ಬಿಡಲು, 1889ರಲ್ಲಿ ಸಂಸಾರವು ಜರ್ಮನಿಗೆ ಹೋಗಿ ಡ್ರೆಸ್‌ಡೆನ್ನಿನಲ್ಲಿ ನೆಲೆಸಿತು. ಅಲ್ಲಿಯೇ ಸೀಗ್‌ಫ್ರೀಡ್ ಎಂಬ ಗಂಡುಮಗು ಜನಿಸಿತು.

ಆ ಮಗುವು 1893ರಲ್ಲಿ ಇನ್‌ಫ್ಲುಯೆಂಜವೂ ನ್ಯುಮೋನಿಯವೂ ಕೂಡಿ ತೀರಿಕೊಂಡಿತು. ವಯಸ್ಸು ನಾಲ್ಕು.

ವರ್ಕ್‌ಮನ್ ದಂಪತಿಗಳ ದೀರ್ಘ ಬೈಸಿಕಲ್ ಪ್ರವಾಸಗಳು ಮೊದಲಾದದ್ದೂ ಅದೇ 1893ರಲ್ಲಿ. ದುಃಖವನ್ನು ಮರೆಯಲು ಹೊರಟರೆಂದು ನಾವು ತೀರ್ಪು ಕೊಡಲಾರೆವು. ಆದರೆ ಮಗುವನ್ನು ಕಳೆದುಕೊಂಡ ತಾಯಂದಿರನ್ನು ಬಲ್ಲ ನಮ್ಮ ವಾಚಕಿಯರು ಈ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡದೆ ಇರರು. ಬೈಸಿಕಲ್ಲೆಂಬುದು ಆಗ ಹೊಸ ವಸ್ತು. ಎರಡು ಗಾಲಿಗಳೂ ಸಮನಾಗಿರುವ, ಸರಪಣಿಯಿಂದ ನಡೆಯುವ ರೋವರ್ ಬೈಸಿಕಲ್ಲು ಇಂಗ್ಲೆಂಡಿನಲ್ಲಿ 1885ರಲ್ಲಿಯೂ, ಗಾಳಿ ತುಂಬಿದ ಡನ್‌ಲಪ್ ಟೈರು 1888ರಲ್ಲಿಯೂ ಬಂದವು. ಅದಕ್ಕೆ ಮೊದಲು ಆಳೆತ್ತರದ ಮುಂಗಾಲಿಯ ಮೇಲೆ ಕುಳಿತುಕೊಳ್ಳುವ ವಾಹನವಿದ್ದಿತು. ಉದ್ದ ಲಂಗದ ಹೆಂಗಸರಿಗೆ ಅದು ಸಾಧ್ಯವೇ ಇರಲಿಲ್ಲ. ಹೊಸ ಯಂತ್ರವನ್ನು ಹತ್ತಿ ಇವರು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಗಳನ್ನೂ, 1895ರಲ್ಲಿ ಅಲ್ಜೀರಿಯ, ಸ್ಪೇನ್ ದೇಶಗಳನ್ನೂ ನೋಡಿ ಪುಸ್ತಕಗಳನ್ನು ಬರೆದರು. ಫ್ಯಾನಿಯವರು ಉದ್ದ ಲಂಗವನ್ನೇ ಉಟ್ಟು, ತಲೆಗೆ ಬಿಸಿಲಿನ ಟೋಪಿಯಿಟ್ಟು, ಹ್ಯಾಂಡಲ್ಲಿಗೆ ಚಹದ ಕೆಟಲನ್ನು ತೂಗಹಾಕಿಕೊಂಡು ಹೊರಡುತ್ತಿದ್ದರು.

1897ರ ಕೊನೆಯಲ್ಲಿ ಈ ದಂಪತಿಗಳು ನಮ್ಮ ದೇಶಕ್ಕೆ ಬಂದರು. ಆಗ ಫ್ಯಾನಿಯವರಿಗೆ ಮೂವತ್ತೆಂಟು, ಪತಿಗೆ ಐವತ್ತು. ಬರುವುದಕ್ಕೆ ಮೊದಲು ರಾಮಾಯಣ, ಮಹಾಭಾರತ, ಜಾತಕ ಕಥೆಗಳನ್ನು ಓದಿಕೊಂಡಿದ್ದರು. ದಕ್ಷಿಣದ ತುದಿಯಿಂದ ಹಿಮಾಲಯದ ವರೆಗೆ, ನಡುವೆ ಪುರಾತನ ದೇವಾಲಯಗಳನ್ನು ಹುಡುಕಿಕೊಂಡು, ಸುಮಾರು 4,000 ಮೈಲುಗಳನ್ನು, ಎಂದರೆ ಸುಮಾರು 6,400 ಕಿಲೋಮೀಟರುಗಳನ್ನು ತುಳಿದರು. ಸಾಮಾನು ಬಹು ಸ್ವಲ್ಪ: ಚಹ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಮಾಂಸ, ನೀರು, ತಲೆಗೊಂದು ದಿಂಬು, ಒಂದೊಂದು ಕಂಬಳಿ, ಔಷಧಿ, ದುರಸ್ತಿಯ ಸಲಕರಣೆ, ಬರೆಯುವ ಕಾಗದ. ಡಾಕ್ ಬಂಗಲೆ ಸಿಕ್ಕದ ರಾತ್ರಿಗಳಲ್ಲಿ ರೈಲು ನಿಲ್ದಾಣದ ಮುಸಾಫಿರಖಾನೆಯಲ್ಲಿ ಮಲಗಿದರು. ಇಲಿಗಳು ಓಡಾಡುವ ಕೊಠಡಿಗಳಲ್ಲಿಯೂ ಮಲಗಿದರು. ಒಂದೊಂದು ದಿನ ನಲವತ್ತು ಪಂಕ್ಚರುಗಳ ವರೆಗೆ ತೇಪೆ ಹಾಕಬೇಕಾಯಿತು. ಸುರಪುರದ ದಾರಿಯಲ್ಲಿ ಜಾಲಿಮುಳ್ಳು ಹೊಕ್ಕು ಮೊದಲ ಗಂಟೆಯನ್ನು ತಪ್ಪಿಸಿಕೊಂಡು ಬಂದು ನಮ್ಮ ಮುಂದೆ ತಲೆತಗ್ಗಿಸಿ ನಿಂತ ಹುಡುಗಿಯರಿಗೆ ಈ ಸಂಖ್ಯೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರುಷಗಳಲ್ಲಿ ಅವರು ಸಿಂಹಳ, ಬರ್ಮಾ ದೇಶಗಳನ್ನೂ ಜಾವಾ ದ್ವೀಪವನ್ನೂ ಸಂಚರಿಸಿದರು. ಜಾವಾ ಎಂಬುದು ಸಾಲಾಗಿ ನಿಂತ ಅಗ್ನಿಪರ್ವತಗಳ ಬೆನ್ನಿನ ಮೇಲೆಯೇ ಬೆಳೆದ ದ್ವೀಪ. 1808ರಿಂದ ಡಚ್ಚರ ಗವರ್ನರ್ ಡೆಂಡಲ್ಸ್ ಮಾಡಿಸಿದ ಸುಮಾರು 1,000 ಕಿಲೋಮೀಟರುಗಳ ಅಂಚೆಯ ಹೆದ್ದಾರಿಯು ಪಶ್ಚಿಮದಿಂದ ಪೂರ್ವಕ್ಕೆ ಆ ದ್ವೀಪದ ಉದ್ದಕ್ಕೂ ಹೋಗುವುದು. ಅಲ್ಲಿನ ಹಲವು ಪರ್ವತಗಳ ಬಾಯಿಯಲ್ಲಿ ಮಳೆಯ ನೀರು ನಿಂತು ಸರೋವರಗಳಾಗಿವೆ. ಪೂರ್ವದ ಇಜೆನ್ ಪರ್ವತದ ಸರೋವರವು ನೋಡಲು ನೀಲಿಹಸಿರಿನ ರತ್ನದಂತಿದ್ದರೂ ನೀರೆಲ್ಲವೂ ತೀಕ್ಷ್ಣವಾದ ಆಮ್ಲ. ಕೆಲೂಟ್ ಪರ್ವತವು 1919ರಲ್ಲಿ ಸ್ಫೋಟಿಸಿದಾಗ ಅದರ ಬಾಯಿಯ ಸರೋವರವೇ ಕೆಸರಿನ ಪ್ರವಾಹವಾಗಿ ಇಳಿದು ಸುಮಾರು ಐದು ಸಾವಿರ ಜನರು ಮಡಿದರು.

ನಮ್ಮ ಹುಡುಗಿಯರು ಭೂಗೋಳದ ಪಾಠದಲ್ಲಿ, ಯಾದಗಿರಿಯ ಕೋಟೆಯ ಗುಡ್ಡವೂ ಶಹಾಪುರದ ಮಲಗಿದ ಬುದ್ಧನ ಬೆಟ್ಟವೂ ಅಗ್ನಿಪರ್ವತಗಳೇ ಎಂದು ಕೇಳುವುದುಂಟು. ಅಲ್ಲ. ಅವು ಭೂಮಿಯ ಆಳದಲ್ಲಿ ನಿಧಾನವಾಗಿ ತಣಿದ ಬಹು ಪುರಾತನವಾದ ಗ್ರಾನೈಟು. ಕಲಬುರಗಿಯ ಕಡೆಗೆ ಹೋಗುತ್ತ ಶಹಾಬಾದಿನ ಹಾಸುಗಲ್ಲು ಮುಗಿದ ಮೇಲೆ ಕಾಣುವ ಕಪ್ಪು ಕಲ್ಲು ಮಾತ್ರ ಸುಮಾರು 6 ಕೋಟಿ 60 ಲಕ್ಷ ವರುಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾರಸ. ಆ ಕಪ್ಪು ಕಲ್ಲಿನ ನಾಡಿನಲ್ಲಿಯೇ, ಮಹಾರಾಷ್ಟ್ರದ ಲೋಣಾರದಲ್ಲಿ, ಸುಮಾರು 1.2 ಕಿಲೋಮೀಟರು ಅಗಲದ ದುಂಡು ಸರೋವರವುಂಟು. ಅದನ್ನು ಬಹುಕಾಲ ಅಗ್ನಿಪರ್ವತದ ಬಾಯಿಯೆಂದೇ ಪಂಡಿತರು ತಿಳಿದಿದ್ದರು. ಅದು ಉಲ್ಕೆಯು ಬಿದ್ದು ಆದ ಕುಳಿಯೆಂದು ಈಗ ಸಿದ್ಧವಾಗಿದೆ. ಸುರಪುರದ ದೊರೆಗಳು ಕಟ್ಟಿಸಿ, 19ನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಸಾಹೇಬರು ಸುಧಾರಿಸಿದ ನಮ್ಮ ಬೋನಾಳದ ಕೆರೆಯಾದರೋ ಮನುಷ್ಯರ ಕೈಯ ಕೆಲಸ. ಪಾಠವು ಬೆಳೆಯಿತು, ಉಪಾಧ್ಯಾಯಿನಿಯರಿಗೆ ಇದೊಂದು ವ್ಯಸನ.

1898ರ ಬೇಸಿಗೆಯಲ್ಲಿ ದಂಪತಿಗಳು ಬೈಸಿಕಲ್ಲುಗಳನ್ನು ಕೆಳಗೆ ಬಿಟ್ಟು ಹಿಮಾಲಯವನ್ನು ಹೊಕ್ಕರು. ಅಲ್ಲಿಂದ ಮುಂದೆ ಅವರ ಆಯುಷ್ಯದ ಬಹುಭಾಗ ಹಿಮನದಿಗಳ ಮೇಲೆ ಕಳೆಯಿತು. 1906ರಲ್ಲಿ ನಲವತ್ತೇಳನೆಯ ವಯಸ್ಸಿನಲ್ಲಿ ನುನ್ ಕುನ್ ಪರ್ವತಸಮೂಹದ 6,930 ಮೀಟರು ಎತ್ತರದ ಪಿನಕಲ್ ಶಿಖರವನ್ನು ಏರಿದರು. ಅಷ್ಟು ಎತ್ತರಕ್ಕೆ 1934ರ ವರೆಗೆ ಬೇರಾವ ಸ್ತ್ರೀಯೂ ಏರಲಿಲ್ಲ. ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯಲ್ಲಿ 1905ರಲ್ಲಿ ಉಪನ್ಯಾಸ ಮಾಡಿದರು. ಅವರಿಗೆ ಮೊದಲು ಅಲ್ಲಿ ಮಾತನಾಡಿದ್ದ ಸ್ತ್ರೀ ಇಸಬೆಲ್ಲಾ ಬರ್ಡ್ ಒಬ್ಬರೇ. ಪ್ಯಾರಿಸಿನ ಸೊರ್ಬಾನ್ ವಿದ್ಯಾಪೀಠದಲ್ಲಿ ಉಪನ್ಯಾಸ ಕೊಟ್ಟ ಮೊದಲ ಅಮೇರಿಕನ್ ಸ್ತ್ರೀಯೂ ಇವರೇ. ಒಂದು ವರುಷ ಪತಿ ಮುಖಂಡರಾದರೆ ಮುಂದಿನ ವರುಷ ಪತ್ನಿ ಮುಖಂಡರು. ಹೀಗೆ ಇಬ್ಬರೂ ಭಾರವನ್ನು ಸರದಿಯಂತೆ ಹೊತ್ತರು. 1912ರಲ್ಲಿ ಸಿಯಾಚಿನ್ ಹಿಮನದಿಯ ಯಾತ್ರೆಗೆ ಫ್ಯಾನಿಯವರೇ ನಾಯಕಿ. ಅಲ್ಲಿ ಹಿಮದ ಮೇಲೆ ನಿಂತು, ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಸಾರುವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯಿಸಿಕೊಂಡರು. ಆ ಹಕ್ಕು ಅಮೇರಿಕದ ಸ್ತ್ರೀಯರಿಗೆಲ್ಲ ದೊರೆತದ್ದು 1920ರಲ್ಲಿ.

ಇವರ ಗುಣಗಳನ್ನಷ್ಟೇ ಬರೆದು ಮುಗಿಸುವುದು ಸುಲಭವಾಗಿದ್ದಿತು. ಆದರೆ ಸಾಮಾನು ಹೊರುವ ಕೂಲಿಗಳ ವಿಷಯದಲ್ಲಿ ಅವರ ಬರವಣಿಗೆಯು ಕಠೋರವಾದುದು. ತಮ್ಮ ಹಳ್ಳಿಯ ಹೊಲಗಳನ್ನು ಬಿಟ್ಟು, ತಕ್ಕ ಬಟ್ಟೆಯಿಲ್ಲದೆ ಹಿಮದಲ್ಲಿ ಭಾರ ಹೊತ್ತವರು ನಡುದಾರಿಯಲ್ಲಿ ಹಿಂದಿರುಗಿ ಹೋದರೆ, ಅವರಿಗೆ ಏಕೆ ಹಾಗೆನಿಸಿತೆಂದು ಯೋಚಿಸುವುದಕ್ಕಿಂತ ಸೋಮಾರಿಗಳೆಂದು ದೂರುವುದೇ ಹೆಚ್ಚು. ದೇವಾಲಯದ ಕಲ್ಲನ್ನು ಅಷ್ಟು ಪ್ರೀತಿಯಿಂದ ನೋಡಿದ ಕಣ್ಣು ಅದರ ನೆರಳಿನಲ್ಲಿ ಕುಳಿತ ಜನರನ್ನು ಅಷ್ಟಾಗಿ ನೋಡಲಿಲ್ಲ. ಸಿಯಾಚಿನ್ ಯಾತ್ರೆಯಲ್ಲಿ ಫ್ಯಾನಿಯವರ ಸಮೀಪದಲ್ಲಿಯೇ ನಡೆಯುತ್ತಿದ್ದ ಇಟಲಿಯ ಸೇವಕನೊಬ್ಬನು ಹಿಮದ ಬಿರುಕಿನಲ್ಲಿ ಬಿದ್ದು ಸತ್ತನು. ಕೂದಲೆಳೆಯಲ್ಲಿ ತಾವು ಉಳಿದರು.

ಇನ್ನು ಆ ಗೃಹಸ್ಥರ ಪ್ರಶ್ನೆ. ರೇಚಲ್ ಎಂಬ ಮಗಳನ್ನು ದಾದಿಯರೂ ವಸತಿಶಾಲೆಗಳೂ ಬೆಳೆಸಿದವು. ತಾಯಿತಂದೆಗಳು ನಮ್ಮ ದೇಶದಲ್ಲಿ ಬೈಸಿಕಲ್ ತುಳಿಯುತ್ತಿದ್ದಾಗ ಆಕೆಗೆ ಹದಿಮೂರು, ಹದಿನಾಲ್ಕು ವರುಷ. ನಮ್ಮ ಒಂಬತ್ತನೆಯ ತರಗತಿಯ ಪ್ರಾಯ. ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋದ ತಂದೆತಾಯಿಗಳ ಮಕ್ಕಳು ಸಂಜೆಯ ಹೊತ್ತು ಹಾಸ್ಟೆಲಿನ ಬಾಗಿಲಲ್ಲಿ ಹೇಗೆ ನಿಲ್ಲುವರೆಂಬುದನ್ನು ನಾವು ಪ್ರತಿದಿನ ಕಂಡವರು. ಅವರ ತಾಯಂದಿರು ಹೊಟ್ಟೆಗಾಗಿ ಹೋದವರು. ಫ್ಯಾನಿಯವರು ಹಾಗೆ ಹೋದವರಲ್ಲ. ಆದ್ದರಿಂದ ಅವರ ಪರವಾಗಿ ವಾದಿಸಲು ನಮಗೆ ಮನಸ್ಸು ಬರುವುದಿಲ್ಲ. ಅದೇ ಬೈಸಿಕಲ್ಲಿನ ಮೇಲೆ ಪಕ್ಕದಲ್ಲಿಯೇ ಹೋಗುತ್ತಿದ್ದ ತಂದೆಯನ್ನು ಕುರಿತು ಯಾರೂ ಆ ಪ್ರಶ್ನೆಯನ್ನು ಕೇಳುವುದಿಲ್ಲವೆಂಬುದನ್ನೂ ಹೇಳದೆ ಬಿಡಲಾರೆವು.

ರೇಚಲ್ ವಿದ್ಯಾವತಿಯಾಗಿ ಬೆಳೆದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿ ಭೂಗರ್ಭಶಾಸ್ತ್ರವನ್ನು ಹಿಡಿದು, ಸ್ಕಾಟ್ಲೆಂಡಿನ ಮೆಲ್ರೋಸ್ ಸುತ್ತಿನ ಆರಿಹೋದ ಅಗ್ನಿಪರ್ವತಗಳ ಶಿಲೆಗಳ ಮೇಲೆ 1914ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1919ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯು ಮೊದಲ ಬಾರಿಗೆ ಸ್ತ್ರೀಯರನ್ನು ಸದಸ್ಯರನ್ನಾಗಿ ಆರಿಸಿದಾಗ ಅವರಲ್ಲಿ ಈಕೆಯೂ ಒಬ್ಬರು. 1911ರಲ್ಲಿ ಕಾನ್ಪುರದ ಉಣ್ಣೆ ಗಿರಣಿಯ ಸರ್ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್ ಅವರನ್ನು ವಿವಾಹವಾದರು. ಆ ಬೇಸಿಗೆಯಲ್ಲಿಯೂ ತಾಯಿತಂದೆಗಳು ಕಾರಾಕೋರಮ್ ಹಿಮನದಿಗಳ ನಡುವೆ ಇದ್ದರು. ಮೂವರು ಗಂಡುಮಕ್ಕಳಾದರು. ಮೂವರೂ ವಿಮಾನಗಳಲ್ಲಿಯೇ ಮಡಿದರು: ಒಬ್ಬನು 1938ರ ಅಪಘಾತದಲ್ಲಿ, ಇಬ್ಬರು 1941ರ ಯುದ್ಧದಲ್ಲಿ. ಆ ತಾಯಿ ಅದೇ ವರುಷ ಹೊಸ ಯುದ್ಧವಿಮಾನಕ್ಕೆಂದು 25,000 ಪೌಂಡುಗಳನ್ನು ಕೊಟ್ಟರು.

ಫ್ಯಾನಿಯವರು ಇದನ್ನೆಲ್ಲ ನೋಡಲು ಇರಲಿಲ್ಲ. 1917ರಲ್ಲಿ ಕಾಯಿಲೆಬಿದ್ದು, ದೀರ್ಘಕಾಲ ನರಳಿ, 1925ನೆಯ ಇಸವಿ ಜನವರಿ 22ರಂದು ಫ್ರಾನ್ಸಿನ ಕ್ಯಾನ್ ನಗರದಲ್ಲಿ ದೈವಾಧೀನರಾದರು. ಮರಣಶಾಸನದಲ್ಲಿ ನಾಲ್ಕು ಸ್ತ್ರೀವಿದ್ಯಾಲಯಗಳಿಗೆ ಒಟ್ಟು 1,25,000 ಡಾಲರುಗಳನ್ನು ಬರೆದಿಟ್ಟಿದ್ದರು. ಸತ್ತ ಮಗನಿಗೂ ಒಂದು ಗುರುತನ್ನು ಬಿಟ್ಟಿದ್ದರು. 1899ರಲ್ಲಿ ಬಿಯಾಫೋ ಹಿಮನದಿಯ ಯಾತ್ರೆಯಲ್ಲಿ ತಾವು ಮೊದಲು ಏರಿದ, ಹದಿನೆಂಟು ಸಾವಿರ ಅಡಿಗೂ ಮೇಲ್ಪಟ್ಟ ಒಂದು ಶಿಖರಕ್ಕೆ ಸೀಗ್‌ಫ್ರೀಡ್‌ಹಾರ್ನ್ ಎಂದು ಹೆಸರಿಟ್ಟರು.

ಆ ಗೃಹಸ್ಥರು ಹಿರಿಯ ಮಗಳನ್ನು ಹತ್ತನೆಯ ತರಗತಿಯ ಪರೀಕ್ಷೆಯ ವರೆಗೂ ಕಳುಹಿಸಿದರು. ಈ ವರುಷ ಕಿರಿಯಳನ್ನು ಸೇರಿಸಲು ಬಂದಾಗ ಮೇಲಿನ ಸಂಗತಿಗಳನ್ನೆಲ್ಲ ಅವರಿಗೆ ತಿಳಿಸಿದೆವು. ಶಿಖರಕ್ಕೆ ಇಟ್ಟ ಆ ಮಗುವಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಹೋಗುವಾಗ, ಅಕ್ಕನ ಬೈಸಿಕಲ್ಲಿಗೆ ಹೊಸ ಟೈರು ಹಾಕಿಸಿರುವುದಾಗಿ ಹೇಳಿ ಹೋದರು.