ಕವಿ ಹಾಪ್ಕಿನ್ಸ್ ಗುರುಗಳ ವಿದ್ಯಾರ್ಥಿ ದಿನಚರಿ

ಯೇಸುಸಭೆಯ ಗುರುಗಳೂ ಆಂಗ್ಲ ಭಾಷೆಯ ಮಹಾಕವಿಗಳಲ್ಲೊಬ್ಬರೂ ಆದ ಪೂಜ್ಯ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್‌ರವರ ಹೆಸರನ್ನು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ವಿಶ್ವಾಸಿಗಳಲ್ಲಿ ಕೇಳಿದವರು ವಿರಳ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಮಕ್ಕಳು ಅವರ ಒಂದೆರಡು ಪದ್ಯಗಳನ್ನು ಬಲ್ಲರು. ಆದರೆ ಅವರು ಕಥೋಲಿಕರಾದ ಬಗೆಯನ್ನು ತಿಳಿಯಬೇಕಾದರೆ ಪದ್ಯಗಳಿಗಿಂತ ಮೊದಲು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಅವರು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಸಣ್ಣ ದಿನಚರಿ ಪುಸ್ತಕಗಳನ್ನು ನೋಡಬೇಕು.

ಅವರು 1844ರ ಜುಲೈ 28ರಂದು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬಲ್ಲಿ, ಆಂಗ್ಲಿಕನ್ ಸಭೆಗೆ ಸೇರಿದ ಅನುಕೂಲವಂತ ಕುಟುಂಬದಲ್ಲಿ ಹಿರಿಯ ಮಗನಾಗಿ ಜನಿಸಿದರು. 1863ರಲ್ಲಿ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜನ್ನು ಸೇರಿದರು. ಅದೇ ವರ್ಷ ದಿನಚರಿಯೂ ಪ್ರಾರಂಭವಾಯಿತು.

ಮೊದಲ ಪುಟಗಳಲ್ಲಿ ಕಾಣುವುದು ಮಾತಿನ ಹುಚ್ಚು ಹಿಡಿದ ತರುಣ. ಕೊಂಬು ಎಂಬರ್ಥದ ಆಂಗ್ಲ ಪದವೊಂದನ್ನು ಹಿಡಿದು ಅದರಿಂದ ಕಿರೀಟಕ್ಕೆ, ಕಿರೀಟದಿಂದ ಧಾನ್ಯದ ಕಾಳಿಗೆ ನೆಂಟಸ್ತಿಕೆ ಹುಡುಕುತ್ತಾ ಹೋಗುತ್ತಾರೆ. ಬೆಳಕು, ಬೆಳಗು, ಬೆಳ್ಳಿ, ಬೆಳ್ದಿಂಗಳುಗಳನ್ನು ಒಂದೇ ದಾರದಲ್ಲಿ ಪೋಣಿಸಿದರೆ ನಮಗಾಗುವ ಸಂತೋಷವೇ ಅವರದೂ ಆಗಿತ್ತು. ನಡುನಡುವೆ ಮರದ ಎಲೆಗಳ, ಮೋಡಗಳ, ಹರಿವ ನೀರಿನ ವಿವರಣೆಗಳು, ಪೆನ್ಸಿಲ್ ಚಿತ್ರಗಳು, ಅರ್ಧಕ್ಕೆ ನಿಂತ ಪದ್ಯಗಳು. ಮಳೆಗಾಲದಲ್ಲಿ ಗಗನಚುಕ್ಕಿಯ ಎದುರು ನಿಂತು ಹೊತ್ತು ಹೋದದ್ದನ್ನೇ ಮರೆತವರಿಗೆ ಈ ಸ್ವಭಾವ ಅರ್ಥವಾದೀತು.

1865ರ ಮಾರ್ಚ್ 25, ದೇವದೂತನು ಮಾತೆ ಮರಿಯಮ್ಮನವರಿಗೆ ಶುಭವಾರ್ತೆ ತಿಳಿಸಿದ ಹಬ್ಬದ ದಿನ. ಅಂದಿನಿಂದ ದಿನಚರಿಯ ಧ್ವನಿ ಬೇರೆಯಾಯಿತು. ಆಂಗ್ಲಿಕನ್ ಸಭೆಯಲ್ಲಿಯೂ ಪಾಪನಿವೇದನೆಯ ಪದ್ಧತಿಯನ್ನು ಮರಳಿ ತಂದಿದ್ದ ಪಂಗಡವೊಂದು ಆಗ ಆಕ್ಸ್‌ಫರ್ಡಿನಲ್ಲಿತ್ತು. ಹಾಪ್ಕಿನ್ಸ್ ಆ ಪಂಗಡದ ಲಿಡನ್ ಎಂಬ ಬೋಧಕರಲ್ಲಿ ಪಾಪನಿವೇದನೆ ಮಾಡತೊಡಗಿದರು. ಅದಕ್ಕಾಗಿ ಪ್ರತಿದಿನವೂ ತಮ್ಮ ತಪ್ಪುಗಳನ್ನು ಬರೆದಿಟ್ಟುಕೊಂಡು, ಅನಂತರ ಅವುಗಳ ಮೇಲೆ ಗೀಟು ಎಳೆಯುತ್ತಿದ್ದರು.

ಆ ಪಟ್ಟಿಗಳನ್ನು ನಾವು ಇಲ್ಲಿ ಬರೆಯುವುದಿಲ್ಲ. ದಿನಚರಿಗಳ ಆಯ್ದ ಭಾಗಗಳು 1937ರಲ್ಲಿಯೂ, ವಿಸ್ತಾರವಾಗಿ 1959ರಲ್ಲಿಯೂ ಅಚ್ಚಾದಾಗ ಸಂಪಾದಕರು ಈ ಭಾಗವನ್ನು ಬಿಟ್ಟಿದ್ದರು. 1989ರಲ್ಲಿ ಮೂಲಪುಟಗಳ ಪಡಿಯಚ್ಚಿನಲ್ಲಿ ಅದೂ ಹೊರಬಿತ್ತು. ವಿದ್ವಾಂಸರಿಗೆ ಅದು ಉಪಯುಕ್ತವಾಗಿರಬಹುದು. ಆದರೆ ಪಾಪನಿವೇದನೆಯ ಪೀಠದಲ್ಲಿ ಕುಳಿತು ಕೇಳಿದ್ದನ್ನು ಅಲ್ಲಿಯೇ ಬಿಟ್ಟೇಳುವ ನಮಗೆ, ಗೀಟೆಳೆದು ಹೊಡೆದುಹಾಕಿದ್ದನ್ನು ಭೂತಗನ್ನಡಿಯಿಟ್ಟು ಓದುವುದು ಸರಿಯೆನಿಸದು. ಗುರುಮಠದಲ್ಲಿ ನಾವೂ ಇಂಥದೊಂದು ಕಿರುಪುಸ್ತಕ ಇಟ್ಟಿದ್ದೆವು. ಗುರುದೀಕ್ಷೆಯ ಹಿಂದಿನ ವಾರ ಅದನ್ನು ಒಲೆಗೆ ಹಾಕಿದೆವು. ಹಾಪ್ಕಿನ್ಸ್‌ರ ಪಟ್ಟಿಗಳಲ್ಲಿ ಘೋರವಾದುದೇನೂ ಇಲ್ಲವೆಂದಷ್ಟೇ ಹೇಳಬಹುದು. ಹೆಚ್ಚಿನವು ಸೋಮಾರಿತನ, ಪ್ರಾರ್ಥನೆಯಲ್ಲಿ ಅನ್ಯಮನಸ್ಕತೆ, ಒರಟು ಮಾತು.

ಅದೇ ವರ್ಷ ನವೆಂಬರ್ 6ರಂದು ಅವರು ಕೈಗೊಂಡ ನಿರ್ಧಾರ ನಮ್ಮನ್ನು ಬೆರಗುಗೊಳಿಸುತ್ತದೆ: ದೇವರ ಅಪ್ಪಣೆಯಾಗುವವರೆಗೆ ಸೌಂದರ್ಯವನ್ನೆಲ್ಲ ತ್ಯಜಿಸುವುದು. ಮರುವರ್ಷದ ತಪಸ್ಸುಕಾಲಕ್ಕೆ ನಿಯಮಗಳನ್ನೂ ಬರೆದುಕೊಂಡರು. ಭಾನುವಾರ ಸಿಹಿತಿಂಡಿ ಬೇಡ. ಮಾಂಸ ದಿನಕ್ಕೊಮ್ಮೆ ಮಾತ್ರ. ನಿದ್ದೆ ತಡೆಯಲು ಚಹಾ ಬೇಕೇ ಆದರೆ ಸಕ್ಕರೆಯಿಲ್ಲದೆ. ಶುಕ್ರವಾರಗಳಂದು ಪದ್ಯರಚನೆ ಇಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಬರೀ ರೊಟ್ಟಿ, ನೀರು. ನಲವತ್ತು ದಿನ ವಡೆ ಮುಟ್ಟುವುದಿಲ್ಲವೆಂದು ನಮ್ಮೆದುರು ಪ್ರಮಾಣ ಮಾಡಿ ಮೂರನೆಯ ದಿನವೇ ಮದ್ದೂರು ನಿಲ್ದಾಣದಲ್ಲಿ ಸಿಕ್ಕಿಬೀಳುವ ನಮ್ಮ ತರುಣರು ಈ ಪಟ್ಟಿಯಲ್ಲಿ ಪದ್ಯವೂ ಸೇರಿರುವುದನ್ನು ಗಮನಿಸಲಿ. ತಿಂಡಿ ಬಿಡುವುದು ಅವರಿಗೆ ಅಷ್ಟೇನೂ ಕಷ್ಟವಾಗಿರಲಾರದು.

1866ರ ಜುಲೈ ತಿಂಗಳಲ್ಲಿ, ಆಂಗ್ಲಿಕನ್ ಸಭೆಯಲ್ಲಿ ಇನ್ನು ಉಳಿಯಲಾಗದೆಂಬುದು ಅವರಿಗೆ ಸ್ಪಷ್ಟವಾಯಿತು. ಅಕ್ಟೋಬರ್ 21ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಪೂಜ್ಯ ಜಾನ್ ಹೆನ್ರಿ ನ್ಯೂಮನ್ನರು ಅವರನ್ನು ಕಥೋಲಿಕ ಧರ್ಮಸಭೆಗೆ ಬರಮಾಡಿಕೊಂಡರು. 2019ರಲ್ಲಿ ಸಂತ ಪದವಿಗೇರಿದವರು ಇವರೇ. ತಂದೆತಾಯಿಗೆ ಸುದ್ದಿ ಮುಟ್ಟಿದ್ದು ಪತ್ರದ ಮೂಲಕ. ಅವರ ದುಃಖ ಮೇರೆಮೀರಿತ್ತು. ಮಗ ಸತ್ಯವೆಂದು ಕಂಡುದನ್ನು ಬಿಡಲಿಲ್ಲ. ಆದರೆ ಮನೆಯವರ ನೋವು ಅವರನ್ನೂ ಬಿಡಲಿಲ್ಲ. ಮರುವರ್ಷ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಅದೇ ಬೇಸಿಗೆಯಲ್ಲಿ ಅವರ ಪ್ರಿಯಮಿತ್ರ, ಕವಿ ಡಿಗ್ಬಿ ಡೋಲ್ಬೆನ್, ಹತ್ತೊಂಬತ್ತರ ಪ್ರಾಯದಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡನು.

1868ರ ಮೇ ತಿಂಗಳಲ್ಲಿ ಹಾಪ್ಕಿನ್ಸ್ ತಮ್ಮ ಪದ್ಯಗಳನ್ನು ಸುಟ್ಟುಹಾಕಿ, ಸೆಪ್ಟೆಂಬರಿನಲ್ಲಿ ಯೇಸುಸಭೆಗೆ ಸೇರಿದರು. ಸುಟ್ಟರೂ ಎಲ್ಲವೂ ಹೋಗಲಿಲ್ಲ. ಕೆಲವು ಗೆಳೆಯ ರಾಬರ್ಟ್ ಬ್ರಿಜಸ್‌ರವರ ಬಳಿಯಿದ್ದವು. ಎಷ್ಟೋ ಕರಡುಗಳು ಅವೇ ಜೇಬುಪುಸ್ತಕಗಳಲ್ಲಿ ಉಳಿದುವು. ಅವು ಇಂದು ಆಕ್ಸ್‌ಫರ್ಡಿನ ಯೇಸುಸಭೆಯ ಕ್ಯಾಂಪಿಯನ್ ಹಾಲ್‌ನಲ್ಲಿವೆ.

ಏಳು ವರ್ಷ ಅವರು ಪದ್ಯರಚನೆಯನ್ನು ಬಹುಮಟ್ಟಿಗೆ ಬಿಟ್ಟೇ ಬಿಟ್ಟರು. 1875ರ ಡಿಸೆಂಬರಿನಲ್ಲಿ ಜರ್ಮನಿಯಿಂದ ಗಡೀಪಾರಾದ ಐವರು ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರು ಹಡಗೊಡೆದು ಸತ್ತಾಗ, ಮಠದ ಮುಖ್ಯಸ್ಥರ ಸೂಚನೆಯಂತೆ ಮತ್ತೆ ಲೇಖನಿ ಹಿಡಿದರು. ಕಾಯುತ್ತಿದ್ದ ಅಪ್ಪಣೆ ಹೀಗೆ ಬಂದಿತು. ಆದರೂ ಆ ದೀರ್ಘ ಕವಿತೆಯನ್ನು ಯೇಸುಸಭೆಯ ಪತ್ರಿಕೆಯೇ ಪ್ರಕಟಿಸಲಿಲ್ಲ. 1877ರಲ್ಲಿ ಗುರುದೀಕ್ಷೆ ಪಡೆದು, ಲಿವರ್‌ಪೂಲ್, ಗ್ಲಾಸ್ಗೋ ನಗರಗಳ ಬಡಜನರ ನಡುವೆ ದುಡಿದು, 1884ರಿಂದ ಡಬ್ಲಿನ್ನಿನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದ ಅವರು 1889ರ ಜೂನ್ 8ರಂದು ವಿಷಮಶೀತಜ್ವರದಿಂದ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಇಂಗ್ಲೆಂಡಿನಿಂದ ಬಂದ ತಂದೆತಾಯಿ ಕಡೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿದ್ದರು.

ಅವರ ಕವಿತೆಗಳನ್ನು ಬ್ರಿಜಸ್ 1918ರಲ್ಲಿ ಪುಸ್ತಕವಾಗಿ ಹೊರತಂದರು. ಅಚ್ಚಾದುದು 750 ಪ್ರತಿಗಳು. ತೊಂಬತ್ತು ದಾಟಿದ್ದ ತಾಯಿ ಇನ್ನೂ ಜೀವಂತವಾಗಿದ್ದರು. ಪುಸ್ತಕವನ್ನು ಅವರಿಗೇ ಅರ್ಪಿಸಲಾಯಿತು.